ತಂಗಿಯ ಹೆಸರಿನ ಡಬ್ಬಿ

ನೀರು ಚಿಮುಕಿಸಿದ ಮಣ್ಣಿನ ಗೋಡೆಯ ವಾಸನೆ ಎಂದರೆ ಶಂಕ್ರವ್ವನಿಗೆ ತಂಗಿಯ ನೆನಪು. ಸಣ್ಣವಳಿದ್ದಾಗ ಅಲ್ಲವ್ವ ಆ ಗೋಡೆಯನ್ನು ಉಗುರಿನಿಂದ ಕೆರೆದು ತಿನ್ನುತ್ತಿದ್ದಳು. ಹದಿನಾರು ತುಂಬಿದರೂ ಚಟ ಬಿಡಲಿಲ್ಲ. ಮುಖ ಸುಣ್ಣದಂತೆ ಬಿಳಿಚಿತು. ನಾಲ್ಕು ಹೆಜ್ಜೆಗೇ ಏದುಸಿರು.

1934ರ ಬೇಸಿಗೆಯಲ್ಲಿ ಶಂಕ್ರವ್ವ ಅವಳನ್ನು ಘೋಡಗೇರಿಯಿಂದ ಹುಕ್ಕೇರಿಯ ದವಾಖಾನೆಗೆ ಕರೆತಂದಳು. ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, ಮಲ ಪರೀಕ್ಷೆಗೆಂದು ಒಳಕೋಣೆಗೆ ಕಳಿಸಿದರು.

ಅಲ್ಲಿ ಪರೀಕ್ಷೆ ಮಾಡುವ ಮಾಲಿಂಗಪ್ಪ ಸೂಕ್ಷ್ಮದರ್ಶಕದ ಮೇಲೆ ಬಾಗಿದ್ದವನು ತಲೆ ಎತ್ತಿದ.

"ಬರ್ರಿ, ಕುಂದರ್ರಿ."

ಶಂಕ್ರವ್ವ ಸೆರಗು ಸರಿಪಡಿಸಿಕೊಂಡು ಕುಳಿತಳು. ಗಂಡ ತೀರಿದ ಮೇಲೆ ಯಾರೂ ಅವಳನ್ನು ಇಷ್ಟು ಮರ್ಯಾದೆಯಿಂದ ಕರೆದಿರಲಿಲ್ಲ.

"ಅದರಾಗ ಏನ ಕಾಣತೈತ್ರಿ?" ಅಲ್ಲವ್ವ ಮೂಗು ಮುಚ್ಚಿಕೊಂಡೇ ಕೇಳಿದಳು.

"ಜಂತಿನ ತತ್ತಿ. ಉಪ್ಪು ಇನ್ನ ಕರಗೂದಿಲ್ಲ ಅನ್ನೂತನಕ ಹಾಕಿದ ನೀರಾಗ ಮಲ ಕಲಸ್ತೀವಿ. ತತ್ತಿ ಹಗುರ, ಮ್ಯಾಲ ತೇಲತಾವ. ಬಾಟ್ಲಿ ಬಾಯಿಗೆ ಗಾಜಿನ ಪಟ್ಟಿ ಇಟ್ರ ಅದಕ್ಕ ಹತ್ತತಾವ. ಕಂಡ್ರ ಔಷಧ ಐತಿ."

ಮಲ ತರಲೆಂದು ಅಲ್ಲವ್ವನ ಹೆಸರು ಬರೆದ ಖಾಲಿ ಡಬ್ಬಿಯನ್ನು ಅವನು ಕಾಗದದಲ್ಲಿ ಸುತ್ತಿ ಕೊಟ್ಟ.

"ಹಾದ್ಯಾಗ ಯಾರರೆ ಕೇಳಿದ್ರ ಮುಲಾಮು ಅನ್ರಿ."

ಮನೆಗೆ ಬಂದ ಅಲ್ಲವ್ವ ಹಟ ಹಿಡಿದಳು. "ಅಕ್ಕಾ, ಆ ಗಂಡಸು ನಂದು ನೋಡಿದ ಮ್ಯಾಲ ನಾ ಮಾರಿ ಎತ್ತಿ ಹ್ಯಾಂಗ ತಿರಗಲಿ? ನಿಂದ ಕೊಡು. ಇಬ್ಬರೂ ಒಂದ ಬುಟ್ಟ್ಯಾನ ರೊಟ್ಟಿ ತಿನ್ನಾವರು... ಹೊಟ್ಟಿ ಬ್ಯಾರೆ ಇರತೈತೇನ?"

ಶಂಕ್ರವ್ವನಿಗೂ ಅದು ನಿಜವೆನಿಸಿತು. ತನ್ನದನ್ನೇ ಕೊಟ್ಟಳು.

ಮಾಲಿಂಗಪ್ಪ ಮೂರು ಪಟ್ಟಿ ನೋಡಿದ. ಒಂದೂ ತತ್ತಿ ಇರಲಿಲ್ಲ. ಡಾಕ್ಟರು ಬೇರೆ ಕಾಯಿಲೆಯೆಂದು ಬೇರೆ ಔಷಧ ಕೊಟ್ಟರು. ಆಷಾಢದಲ್ಲಿ ಅಲ್ಲವ್ವನ ಕಾಲು ಬಾತವು. "ಇದು ಜಂತೇ ಇರಬೇಕಿತ್ತಲ್ಲ" ಎಂದು ಡಾಕ್ಟರು ಅನ್ನುವ ಹೊತ್ತಿಗೆ ಹುಡುಗಿಗೆ ಗುಳಿಗೆ ನುಂಗುವ ಶಕ್ತಿಯೂ ಉಳಿದಿರಲಿಲ್ಲ.

ತಂಗಿಯನ್ನು ಮಣ್ಣು ಮಾಡಿದರು. ಡಬ್ಬಿಯ ಸಂಗತಿಯನ್ನು ಶಂಕ್ರವ್ವ ಯಾರಿಗೂ ಹೇಳಲಿಲ್ಲ.

ಮೂರು ತಿಂಗಳ ಮೇಲೆ ದವಾಖಾನೆಯ ಕಸ ಹೊಡೆಯುವ ಭರಮವ್ವ ಊರಿಗೆ ಬಂದವಳು ಅಂದಳು, "ನಮ್ಮ ಹೊಟ್ಟಿ ಜೋಯಿಸ ಮಾಲಿಂಗಪ್ಪ ನಾಳೆ ಕೆಲಸ ಬಿಡ್ತಾನವ್ವಾ. ನಿನ್ನ ತಂಗಿ ಹೊಟ್ಟ್ಯಾನ ಜಂತ ತನ್ನ ಕಣ್ಣಿಗೆ ಕಾಣಲಿಲ್ಲಂತ ಕೊರಗಿ ಅರ್ಧ ಆಗ್ಯಾನ."

ಮರುದಿನ ಬೆಳಿಗ್ಗೆ ಶಂಕ್ರವ್ವ ಒಬ್ಬಳೇ ಹುಕ್ಕೇರಿಗೆ ನಡೆದಳು. ಹೇಳಿದರೆ ಅವನು ಇನ್ನೆಂದೂ ತನ್ನ ಮುಖ ನೋಡಲಾರ. ಹೇಳದಿದ್ದರೆ...?

ಮಾಲಿಂಗಪ್ಪ ಸೂಕ್ಷ್ಮದರ್ಶಕಕ್ಕೆ ಬಟ್ಟೆ ಸುತ್ತುತ್ತಿದ್ದ.

"ಆ ಡಬ್ಬ್ಯಾಗಿಂದು ನಂದ್ರಿ," ಎಂದಳು ಬಾಗಿಲಲ್ಲೇ ನಿಂತು. "ಅಲ್ಲವ್ವ ನಾಚಿದ್ಲು. ನಾ ನಂದ ಕೊಟ್ಟೆ. ನಿಮ್ಮ ಕಣ್ಣು ತಪ್ಪಿಲ್ಲ."

ಅವನು ಹಾಗೆಯೇ ಸ್ಟೂಲಿನ ಮೇಲೆ ಕುಳಿತುಬಿಟ್ಟ.

"ಹಂಗಾರ ಬದುಕಾಕಿ ಇದ್ಲಲ್ರಿ ಆ ಹುಡುಗಿ."

"ಹೌದ್ರಿ."

"ಮೂರ ತಿಂಗಳು ಯಾಕ ಹೇಳಲಿಲ್ಲ?"

"ನೀವೊಬ್ಬರ ನನ್ನ ಮನಷ್ಯಾಳಂಗ ಮಾತಾಡಿಸಿದವರು. ಅದೂ ಹೋಗತೈತಿ ಅಂತ... ಬಾಯಿ ಬರಲಿಲ್ರಿ. ಸಿಟ್ಟ ಮಾಡ್ರಿ ನನ್ನ ಮ್ಯಾಲ."

"ಸಿಟ್ಟ ಐತಿ. ಸುಳ್ಳ ಯಾಕ ಹೇಳ್ಲಿ? ನಿನ್ನೆ ನಿಮ್ಮೂರ ಹಾದಿ ಹಿಡದಿದ್ದೆ. ಹೋಗೂಕಿಂತ ಮೊದಲ ನಿಮ್ಮನ್ನ ಒಮ್ಮೆ ನೋಡಬೇಕಂತ. ತಂಗಿ ಜೀವಾ ತಗದಾವ ಯಾವ ಮಾರೀಲೆ ಹೋಗ್ಲಿ ಅಂತ ಅರ್ಧಕ್ಕ ಹೊಳ್ಳಿ ಬಂದೆ."

ಶಂಕ್ರವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ತಂಗಿ ಹೋದ ದಿನವೂ ಹೀಗೆ ಅತ್ತಿರಲಿಲ್ಲ. ಅವನು ತಡೆಯಲಿಲ್ಲ. ಅವಳ ಅಳು ತಗ್ಗಿದ ಮೇಲೆ ಸುತ್ತಿದ ಬಟ್ಟೆಯನ್ನು ನಿಧಾನ ಬಿಚ್ಚಿ, ಸೂಕ್ಷ್ಮದರ್ಶಕವನ್ನು ಮೇಜಿನ ಮೇಲಿಟ್ಟ.

"ಮುಂಜಾನಿಂದ ಏನರೆ ತಿಂದೀರೇನು?"

ಅವಳು ಇಲ್ಲವೆಂದು ತಲೆಯಾಡಿಸಿದಳು.

ಅವನು ಹೊರಗೆ ಹೋಗಿ ಮೊಣಕೈತನಕ ಸಾಬೂನು ಹಚ್ಚಿ ಕೈ ತೊಳೆದು ಬಂದ. ಗೂಟದಲ್ಲಿದ್ದ ಬುತ್ತಿ ಇಳಿಸಿ, ಗಂಟು ಬಿಚ್ಚಿದ. ಎರಡು ಜೋಳದ ರೊಟ್ಟಿ, ಅದರ ಮೇಲೆ ಝುಣಕ. ತನಗೆಂದು ಏನೂ ಇಟ್ಟುಕೊಳ್ಳದೆ ಅವಳ ಕೈಗಿಟ್ಟ.