ಎರಡು ‘ನಮ್ಮ’

“ಗುಡ್ ಮಾರ್ನಿಂಗ್, ಟೀಚರ್ ನಾನಾಯ್!”

ಐದನೇ ಕ್ಲಾಸಿನ ಮಕ್ಕಳೆಲ್ಲ ಎದ್ದು ನಿಂತು, ಕೈಮುಗಿದು, ಒಂದೇ ರಾಗದಲ್ಲಿ ಕೂಗಿದರು. ಇಸಾಯ್ ಒಬ್ಬಳೇ ತುಟಿ ಬಿಗಿದುಕೊಂಡು ನಿಂತಿದ್ದಳು.

ಟೀಚರ್ ಹೆಸರು ನಾನಾಯ್ ಅಲ್ಲವೇ ಅಲ್ಲ. ನೋರ್ಮಿತಾ. ನಾನಾಯ್ ಅಂದರೆ ಇಸಾಯಳ ಭಾಷೆಯಲ್ಲಿ ಅಮ್ಮ. ಇಸಾಯ್ ಮತ್ತು ಅವಳ ಪುಟ್ಟ ತಮ್ಮ ಬೋಯೆಟ್ ಮನೆಯಲ್ಲಿ ಕರೆಯುವುದು ಹಾಗೆ. ಫಿಲಿಪ್ಪೀನ್ಸಿನ ಚರ್ಚಿನವರು ಅಮ್ಮನನ್ನು ಕಾಂಬೋಡಿಯಾದ ಈ ಊರಿಗೆ ಕಳಿಸಿದ್ದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುವುದಕ್ಕೆ, ಯೇಸುವಿನ ಕತೆ ಹೇಳುವುದಕ್ಕೆ, ಹಾಸ್ಟೆಲಿನ ಮಕ್ಕಳನ್ನು ನೋಡಿಕೊಳ್ಳುವುದಕ್ಕೆ. ಊರಿಗೆಲ್ಲ ಅಮ್ಮನಾಗು ಅಂತ ಯಾರೂ ಹೇಳಿ ಕಳಿಸಿರಲಿಲ್ಲ. ಅಪ್ಪ ಹಡಗಿನ ಕೆಲಸಕ್ಕೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಇಸಾಯ್‌ಗೆ ಇರುವವಳು ಇವಳೊಬ್ಬಳೇ.

ಈ ಎಡವಟ್ಟಿಗೆಲ್ಲ ಕಾರಣ ಅದೇ ಕ್ಲಾಸಿನ ಮಾಲಿಸ್. ಹಾಸ್ಟೆಲಿಗೆ ಬಂದ ಹೊಸತರಲ್ಲಿ, ಇಸಾಯ್ “ನಾನಾಯ್, ನನ್ನ ಬಾಟಲಿ!” ಅಂತ ಕೂಗಿದ್ದನ್ನು ಕೇಳಿ ಟೀಚರ್ ಹೆಸರೇ ಅದು ಅಂದುಕೊಂಡಳು. ಕಂಡಕಂಡವರಿಗೆಲ್ಲ ಹೇಳಿದಳು. ಈಗ ವ್ಯಾನ್ ಡ್ರೈವರ್ ಕೂಡ ಟೀಚರ್ ನಾನಾಯ್ ಅನ್ನುತ್ತಾನೆ. ನಾನಾಯ್ ತಿದ್ದುವುದೇ ಇಲ್ಲ. ಯಾರು ಕರೆದರೂ ನಗುತ್ತಾ ತಿರುಗುತ್ತಾಳೆ.

ಅಷ್ಟೇ ಆಗಿದ್ದರೆ ಇಸಾಯ್ ಹೇಗೋ ನುಂಗಿಕೊಳ್ಳುತ್ತಿದ್ದಳು. ಆದರೆ ಇನ್ನೊಂದಿತ್ತು. ಇಲ್ಲಿಯ ಖ್ಮೇರ್ ಭಾಷೆ ನಾನಾಯ್‌ಳ ನಾಲಿಗೆಗೆ ಹತ್ತುವುದಿಲ್ಲ. ಬೀದಿಯಲ್ಲಿ ಆಡಿ ಆಡಿ ಕಲಿತ ಇಸಾಯ್‌ಗೆ ಅದು ನೀರು ಕುಡಿದಷ್ಟು ಸಲೀಸು. ನಾನಾಯ್‌ಳ ತಪ್ಪು ತಿದ್ದುವ ಕೆಲಸ ಯಾವತ್ತೂ ಅವಳದೇ.

ಆವತ್ತು ಹೊಸ ವರ್ಷದ ರಜೆಗೆ ಮುಂಚಿನ ವಾರ. ಖ್ಮೇರ್‌ನಲ್ಲಿ ‘ಛ್ನಾಂ’ ಅಂದರೆ ವರ್ಷ, ‘ಛ್ನಾಂಗ್’ ಅಂದರೆ ಮಡಕೆ. ನಾನಾಯ್ ಕೈಮುಗಿದು, “ಎಲ್ಲರಿಗೂ ಹೊಸ ಮಡಕೆಯ ಶುಭಾಶಯ” ಅಂದುಬಿಟ್ಟಳು.

ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು. ಇಸಾಯ್ ಎದ್ದು ನಿಲ್ಲುವಷ್ಟರಲ್ಲಿ ಮಾಲಿಸ್ ಮೆಲ್ಲಗೆ, “ಛ್ನಾಂ, ಟೀಚರ್ ನಾನಾಯ್” ಅಂದಳು.

“ನೀನಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತೋ, ಮಾಲಿಸ್” ಅಂದಳು ನಾನಾಯ್.

ಇಸಾಯ್‌ಗೆ ಹೊಟ್ಟೆಯೊಳಗೆ ಯಾರೋ ಮೆಣಸಿನಕಾಯಿ ಅರೆದಂತಾಯಿತು.

ಸಂಜೆ ಎಂದಿನಂತೆ ಮಾಲಿಸ್ ಬಾಚಣಿಗೆ ಹಿಡಿದುಕೊಂಡು ಮನೆಗೆ ಬಂದಳು. ನಾನಾಯ್ ಮೆಟ್ಟಿಲ ಮೇಲೆ ಕೂತು ಅವಳ ಉದ್ದ ಕೂದಲಿಗೆ ಎಣ್ಣೆ ಹಚ್ಚಿ, ಹೇನು ತೆಗೆದು, ಜಡೆ ಹಾಕಿದಳು. ಊಟಕ್ಕೂ ಅಲ್ಲೇ ಉಳಿಸಿಕೊಂಡಳು. ಎಲ್ಲರೂ ಕಣ್ಣು ಮುಚ್ಚಿ “ಆಮಾ ನಾಮಿನ್” ಅಂತ ಪ್ರಾರ್ಥನೆ ಹೇಳಿದರು. ಕಣ್ಣು ಬಿಟ್ಟು ನೋಡಿದರೆ ಕೋಳಿಯ ಕಾಲು ಮಾಲಿಸಳ ತಟ್ಟೆಯಲ್ಲಿ!

ತಟ್ಟೆ ತೊಳೆಯುವಾಗ ಮಾಲಿಸ್ ಕೇಳಿದಳು. “ಇಸಾಯ್, ‘ಆಮಾ ನಾಮಿನ್’ ಅಂದ್ರೆ ಏನು?”

“ಆಮಾ ಅಂದ್ರೆ ಅಪ್ಪ. ದೇವರಿಗೆ ಹೇಳೋದು. ನಾಮಿನ್ ಅಂದ್ರೆ ನಮ್ಮ.”

“ನಮ್ಮಪ್ಪ. ಚೆನ್ನಾಗಿದೆ.”

“ಪೂರ್ತಿ ಕೇಳು. ನಮ್ಮ ಭಾಷೇಲಿ ಎರಡು ‘ನಮ್ಮ’ ಇದೆ. ನಾತಿನ್ ಅಂದ್ರೆ ನಮ್ಮದು, ನಿಂದೂ ಸೇರಿ. ನಾಮಿನ್ ಅಂದ್ರೆ ನಮ್ಮದು, ನಿಂದಲ್ಲ.”

ತಟ್ಟೆ ಉಜ್ಜುತ್ತಿದ್ದ ಮಾಲಿಸಳ ಕೈ ನಿಂತಿತು. “ಹಂಗಾದ್ರೆ ಆ ಪ್ರಾರ್ಥನೇಲಿ ನಾನಿಲ್ವಾ?”

ಅದು ಇಸಾಯ್‌ಗೂ ಸರಿಯಾಗಿ ಗೊತ್ತಿರಲಿಲ್ಲ. ಆದರೂ “ಇಲ್ಲ” ಅಂದಳು. ನಾಲಿಗೆ ಅಲ್ಲಿಗೂ ಸುಮ್ಮನಾಗಲಿಲ್ಲ. “ಇನ್ನೊಂದು ಗೊತ್ತಾ? ನಾನಾಯ್ ಅನ್ನೋದು ಹೆಸರೇ ಅಲ್ಲ. ನೀವು ‘ಮಾಕ್’ ಅಂತೀರಲ್ಲ, ಅದು. ಅಮ್ಮ. ನಾನಾಯ್ ನಾಮಿನ್. ನಂದು, ಬೋಯೆಟ್‌ದು.”

ಮಾಲಿಸಳ ಕಿವಿ ಕೆಂಪಾಯಿತು. “ನಂಗೆ ಗೊತ್ತಿರ್ಲಿಲ್ಲ” ಅಂದಳು. ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು ಹೊರಟುಹೋದಳು. ಬಾಚಣಿಗೆ ಮೆಟ್ಟಿಲ ಮೇಲೆಯೇ ಉಳಿಯಿತು.

ಮರುದಿನ ಕ್ಲಾಸು ಎದ್ದು ನಿಂತಿತು. “ಗುಡ್ ಮಾರ್ನಿಂಗ್, ಟೀಚರ್ ನೋರ್ಮಿತಾ.” ರಾಗವೇ ಕೂಡಲಿಲ್ಲ. ಮಾಲಿಸ್ ಎಲ್ಲರಿಗೂ ಹೇಳಿಬಿಟ್ಟಿದ್ದಳು.

ನಾನಾಯ್‌ಳ ಕೈಯಲ್ಲಿದ್ದ ಚಾಕ್‌ಪೀಸ್ ಅಲ್ಲೇ ನಿಂತಿತು. “ಇದ್ಯಾರಪ್ಪಾ, ಹೊಸ ಟೀಚರ್ ಬಂದ್ರಾ?” ಅಂತ ನಗಿಸಲು ನೋಡಿದಳು. ಯಾರೂ ನಗಲಿಲ್ಲ. ಅವಳೂ ನಗಲಿಲ್ಲ.

ಗೆದ್ದೆ ಅಂತ ಇಸಾಯ್‌ಗೆ ಖುಷಿಯೇನೋ ಆಯಿತು. ಆ ಖುಷಿ ಮಧ್ಯಾಹ್ನದ ಊಟದವರೆಗೂ ಬಾಳಲಿಲ್ಲ. ಊಟಕ್ಕೆ ಮುಂಚೆ ಎಲ್ಲರೂ ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ, ಮಾಲಿಸ್ ಕೈ ಕೆಳಗಿಟ್ಟುಕೊಂಡು ತನ್ನ ತಟ್ಟೆ ನೋಡುತ್ತಾ ಕೂತಿದ್ದಳು. ಸಂಜೆ ಮನೆಗೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಕೋಳಿಯ ಕಾಲು ಇಸಾಯಳ ತಟ್ಟೆಗೇ ಬಂತು. ಯಾಕೋ ರುಚಿಸಲಿಲ್ಲ.

“ನಾನಾಯ್, ‘ಆಮಾ ನಾಮಿನ್’ ಅಂದಾಗ ಹೊರಗೆ ಉಳಿಯೋರು ಯಾರು?” ಅಂತ ಕೇಳಿದಳು.

“ನಾವು ಯಾರ ಹತ್ರ ಮಾತಾಡ್ತೀವೋ ಅವ್ರು. ಮಾತಾಡೋದು ದೇವರ ಹತ್ರ ತಾನೇ? ಹೊರಗಿರೋನು ಅವನೊಬ್ಬನೇ.”

“ಮಾಲಿಸ್?”

“ಅವಳ್ಯಾಕೆ ಹೊರಗಿರ್ತಾಳೆ?” ನಾನಾಯ್ ಬಾಗಿಲ ಕಡೆ ನೋಡಿದಳು. “ಇವತ್ತೂ ಬರ್ಲಿಲ್ವಲ್ಲೇ ಅವಳು. ನಿಂಗೇನಾದ್ರೂ ಗೊತ್ತಾ?”

ಇಸಾಯ್ ಅನ್ನ ಕಲಸುತ್ತಲೇ ಇದ್ದಳು.

ಭಾನುವಾರ ಚರ್ಚ್ ಮುಗಿದ ಮೇಲೆ ನಾನಾಯ್‌ಳ ಫೋನ್ ರಿಂಗಾಯಿತು. ಮಾಲಿಸಳ ಅಮ್ಮ ಥಾಯ್ಲೆಂಡಿನಲ್ಲಿ ಕಟ್ಟಡದ ಕೆಲಸ ಮಾಡುತ್ತಾಳೆ. ಪ್ರತಿ ಭಾನುವಾರ ಈ ಫೋನಿಗೇ ಮಾಡುವುದು. ಮಾಲಿಸ್ ಮುಂಚಿತವಾಗಿಯೇ ಬಂದು ಫೋನಿನ ಪಕ್ಕ ಕಾವಲು ಕೂರುತ್ತಿದ್ದಳು. ಇವತ್ತು ಇಲ್ಲ. ನಾನಾಯ್ ಹಿತ್ತಲಲ್ಲಿ ಬೋಯೆಟ್‌ಗೆ ಸ್ನಾನ ಮಾಡಿಸುತ್ತಿದ್ದಳು. ಇಸಾಯ್ ಫೋನ್ ಎತ್ತಿದಳು.

“ಹಲೋ, ನಾನು ಇಸಾಯ್.”

“ಓ, ಇಸಾಯ್! ಮಾಲಿಸ್ ಫೋನಲ್ಲಿ ನಿನ್ ವಿಷ್ಯಾನೇ ಹೇಳ್ತಿರ್ತಾಳೆ. ಇಸಾಯ್ ಅವಳಮ್ಮನ್ನ ನಂಗೂ ಸ್ವಲ್ಪ ಕೊಟ್ಟಿದಾಳೆ ಅಂತ.”

ಆ ಕಡೆ ಯಾವುದೋ ಮಷಿನ್ನು ಗರಗರ ಅನ್ನುತ್ತಿತ್ತು.

“ಒಂದು ಹೇಳ್ತೀನಿ, ನಗಬೇಡ” ಅಂದಳು ಮಾಲಿಸಳ ಅಮ್ಮ. “ನಿಮ್ಮಮ್ಮ ನನ್ ಮಗಳ ತಲೆ ಬಾಚ್ತಾರೆ ಅಂದ್ರೆ ನಂಗಿಲ್ಲಿ ಹೊಟ್ಟೆ ಉರಿಯುತ್ತೆ. ಅದು ನಾನು ಬಾಚೋ ತಲೆ ಅಲ್ವಾ? ಆದ್ರೂ ಬಾಚ್ಲಿ. ಬಾಚೋರೇ ಇಲ್ದಿದ್ರೆ ಇನ್ನೂ ಉರಿಯುತ್ತೆ. ಎಲ್ಲಿ, ಅವಳಿಗೆ ಕೊಡು, ನಂಗೆ ಕೆಲಸಕ್ಕೆ ಕೂಗ್ತಾರೆ.”

ಹೊಟ್ಟೆಯೊಳಗಿನ ಮೆಣಸಿನಕಾಯಿ ತನಗೊಬ್ಬಳಿಗೇ ಅಂದುಕೊಂಡಿದ್ದಳು ಇಸಾಯ್. ದೊಡ್ಡವರಿಗೂ ಇರುತ್ತದೆ, ಅದೂ ಇಷ್ಟು ದೂರದಲ್ಲಿ, ಅಂತ ಅವಳಿಗೆ ಹೊಳೆದಿರಲೇ ಇಲ್ಲ. ಮೆಟ್ಟಿಲ ಮೇಲಿದ್ದ ಬಾಚಣಿಗೆ ಎತ್ತಿಕೊಂಡು, ಫೋನನ್ನು ಎದೆಗೆ ಒತ್ತಿ ಹಿಡಿದು ಓಡಿದಳು. ಚಪ್ಪಲಿ ಹಾಕಿಕೊಳ್ಳುವುದೂ ಮರೆತುಹೋಯಿತು.

ಮಾಲಿಸ್ ಹಾಸ್ಟೆಲಿನ ಹಿಂದೆ ಬಟ್ಟೆ ಒಗೆಯುತ್ತಿದ್ದಳು. ಜಡೆ ಬಿಚ್ಚಿಹೋಗಿ ಕೂದಲೆಲ್ಲ ಸಿಕ್ಕುಸಿಕ್ಕಾಗಿ ಜೋತುಬಿದ್ದಿತ್ತು. ನೊರೆಯ ಕೈಯಲ್ಲೇ ಫೋನ್ ಕಿತ್ತುಕೊಂಡಳು.

“ಮಾಕ್!” ಆಮೇಲೆ ಬರೀ ಹೂಂ, ಹೂಂ. “ಊಟ ಆಯ್ತು. ಹೂಂ, ಚೆನ್ನಾಗಿ ಓದ್ತಿದೀನಿ.” ಸಿಕ್ಕು ಕೂದಲನ್ನು ಕಿವಿಯ ಹಿಂದೆ ಸರಿಸಿದಳು. “ಹೂಂ ಮಾಕ್, ದಿನಾ ಬಾಚ್ತಾರೆ.”

ಇಸಾಯ್ ಕತ್ತು ಬಗ್ಗಿಸಿ ತನ್ನ ಬರಿಗಾಲನ್ನೇ ನೋಡುತ್ತಾ ನಿಂತಳು.

ಮಾತು ಮುಗಿಯಿತು. ಮಾಲಿಸ್ ಫೋನನ್ನು ಲಂಗಕ್ಕೆ ಒರೆಸಿ ಕೊಟ್ಟಳು.

“ಆ ಪ್ರಾರ್ಥನೇದು ನಾನು ತಪ್ಪು ಹೇಳಿದ್ದೆ” ಅಂದಳು ಇಸಾಯ್. “ಅದರಲ್ಲಿ ನೀನೂ ಇದೀಯ. ನಾನಾಯ್‌ನೇ ಹೇಳಿದ್ದು.”

ಮಾಲಿಸ್ ಬಕೆಟ್ಟಿನ ಕಡೆ ತಿರುಗಿದಳು.

“ಬಾ. ತಲೆ ಬಾಚಿಸ್ಕೊಳ್ಳೋಕೆ.”

“ಯಾರ ಹತ್ರ? ಟೀಚರ್ ನೋರ್ಮಿತಾ ಹತ್ರಾನಾ?”

ಇಸಾಯ್ ಬಾಚಣಿಗೆಯನ್ನು ಮುಂದೆ ಹಿಡಿದಳು. “ನಾನಾಯ್ ನಾತಿನ್ ಹತ್ರ.”

ಮಾಲಿಸ್ ತಿರುಗಿ ಅವಳ ಬಾಯನ್ನೇ ನೋಡಿದಳು. “ಯಾವುದಂದೆ? ಇನ್ನೊಂದ್ಸಲ ಹೇಳು.”

“ಕಿವೀಲಿ ಸೋಪು ಹೋಗಿದೆಯೇನೇ? ನಾತಿನ್.”

ನಾನಾಯ್ ಮೆಟ್ಟಿಲ ಮೇಲೆ ಎಣ್ಣೆ ಬಾಟಲಿ ಹಿಡಿದು ಕೂತಿದ್ದಳು. ಇಬ್ಬರೂ ಬರುತ್ತಿರುವುದನ್ನು ನೋಡಿ ಕೈಚಾಚಿದಳು.

ಇಸಾಯ್ ಆ ಕೈಗೆ ಬಾಚಣಿಗೆ ಕೊಟ್ಟು, ತಾನು ಒಂದು ಮೆಟ್ಟಿಲು ಕೆಳಗೆ ಕೂತಳು. ಹೊಟ್ಟೆಯಲ್ಲಿ ಸ್ವಲ್ಪ ಉರಿ ಇನ್ನೂ ಇತ್ತು.

“ಮೊದಲು ಅವಳದು ಬಾಚು, ನಾನಾಯ್” ಅಂದಳು. “ದಿನಾ ಬಾಚ್ತಾರೆ ಅಂತ ಅವಳಮ್ಮನಿಗೆ ಹೇಳಿಬಿಟ್ಟಿದಾಳೆ.”