ಆ ಸಂಜೆ ಬಾರದ ಪ್ರತಿಧ್ವನಿ

ಬ್ಯಾಡಗಿಯ ಆ ಕೋಲ್ಡ್ ಸ್ಟೋರೇಜಿನ ಬಾಗಿಲನ್ನು ಬೆಳಿಗ್ಗೆ ತೆಗೆದಾಗ ಮೊದಲು ಕಂಡದ್ದು ಗುಡದಪ್ಪನ ಕಾಲು. ಉಸ್ತುವಾರಿ ನೋಡುವ ಗುಡದಪ್ಪ ಮೆಣಸಿನಕಾಯಿಯ ಖಾಲಿ ಚೀಲಗಳನ್ನು ಮೈಗೆ ಸುತ್ತಿಕೊಂಡು ಬಾಗಿಲ ಬುಡದಲ್ಲೇ ಬಿದ್ದಿದ್ದ. ಬಡಿದು ಬಡಿದು ಮುಷ್ಟಿ ಒಡೆದಿತ್ತು. ಜೀವ ಇತ್ತು, ಮಾತಿರಲಿಲ್ಲ. ದವಾಖಾನೆಗೆ ಒಯ್ದರು.

ಅಲ್ಲಿಗೆ ಅದೊಂದೇ ಬಾಗಿಲು, ಆಫೀಸಿನ ಹಿಂದಿನ ಹಿತ್ತಲಿಗೆ ತೆರೆಯುವಂಥದ್ದು. ಒಳಗಿನಿಂದ ತೆಗೆಯುವ ಹಿಡಿಕೆ ಮುರಿದಿತ್ತು. ಗೋಡೆ ದಪ್ಪ, ಮೊಬೈಲಿಗೆ ಸಿಗ್ನಲ್ ಇಲ್ಲ. ಹೊರಗಿನಿಂದ ಯಾರೋ ಬೀಗ ಜಡಿದಿದ್ದರು. ಕೀಲಿ ಎರಡೇ. ಒಂದು ಇಲ್ಲಿನ ಗುಮಾಸ್ತೆ ಅರುಣಾಳ ಬಳಿ, ಇನ್ನೊಂದು ಹಾವೇರಿಯ ಮುಖ್ಯ ಕಚೇರಿಯಲ್ಲಿ ಕೂರುವ ಮ್ಯಾನೇಜರ್ ಋಷಿಕೇಶನ ಬಳಿ.

ಊರಿನವರಿಗೆ ಇಷ್ಟು ಸಾಕಾಯಿತು. ಮಧ್ಯಾಹ್ನದೊಳಗೆ ಅರುಣಾ ಅಪರಾಧಿಯಾಗಿಬಿಟ್ಟಿದ್ದಳು.

*

ಸಬ್ ಇನ್ಸ್‌ಪೆಕ್ಟರ್ ಮೃಣಾಲಿನಿ ಅವಳನ್ನು ಆಫೀಸಿನಲ್ಲೇ ಕೂರಿಸಿ ಕೇಳಿದಳು. ಗೇಟಿನಾಚೆ ಜನ ಜಮಾಯಿಸಿದ್ದರು. ಹೊರಗೆ ಹೋಗುವಂತಿಲ್ಲ, ಒಳಗೆ ಕೂರಲಾಗುತ್ತಿಲ್ಲ. ಪಾಪದ ಹುಡುಗಿ ಸೆರಗಿನ ತುದಿಯನ್ನು ಹಿಂಡುತ್ತಿದ್ದಳು.

"ನಿನ್ನೆ ಸಂಜೀಕ ಹಮಾಲ್ರು ಚಾಕ್ಕ ಹೋದಾಗ ಬೀಗ ಬಿದ್ದದ. ತಿರುಗಿ ಬಂದವ್ರು ಗುಡದಪ್ಪ ಮನೀಗೆ ಹೋಗ್ಯಾನ ಅಂತ ತಿಳಕೊಂಡ್ರು. ಆಗ ನೀ ಎಲ್ಲಿದ್ದಿ?"

"ಫೋನಿನ್ಯಾಗ ಇದ್ನಿರಿ ಮೇಡಂ. ಹಾವೇರಿಯಿಂದ ಸಾಹೇಬ್ರು ಫೋನ್ ಮಾಡಿದ್ರು. ಹೋಲ್ಡ್ ಮಾಡು, ಇಡಬ್ಯಾಡ ಅಂದ್ರು. ರಿಸೀವರ್ ಕಿವಿಗೆ ಹಚ್ಚಕೊಂಡು ಕುಂತಿದ್ನಿ."

"ಅವರು ಉಲ್ಟಾ ಹೇಳ್ತಾರಲ್ಲ! ನೀನೇ ಕಾಯಿಸಿ ಎಲ್ಲೋ ಎದ್ದು ಹೋದಿ ಅಂತ."

ಅರುಣಾ ಬೆಚ್ಚಿದಳು. "ಸುಳ್ಳರಿ! ಅವರು ಹಾವೇರ್ಯಾಗ ಇದ್ದದ್ದು ಖರೇ. ಫೋನಿನ ಮ್ಯಾಲ ಅವರ ಟೇಬಲ್ಲಿನ ನಂಬರೇ ಬಂದಿತ್ತು. ನಿನ್ನೆ ಮಾತೂ ಚೊಲೋ ಕೇಳಿಸಿತ್ತು."

"ನಿನ್ನೆ ಅಂದ್ರ? ಮೊದ್ಲ ಕೇಳಿಸ್ತಿರಲಿಲ್ಲೇನು?"

"ಒಂದು ತಿಂಗಳಿನಿಂದ ಈ ಇಂಟರ್‌ನೆಟ್ ಫೋನಿನ್ಯಾಗ ಅದೊಂದು ಪೀಡಾ ಐತ್ರಿ. ಸಾಹೇಬ್ರ ಜೋಡಿ ಮಾತಾಡಿದ್ರ ನನ್ನ ಮಾತು ನನಗ ತಿರುಗಿ ಬರ್ತೈತಿ. ನಿಂದ ಫೋನ್ ಕೆಟ್ಟೈತಿ ಅಂತ ಅವರೇ ನಿನ್ನೆ ಮುಂಜಾನೆ ಹೊಸಾದು ಕಳಿಸಿದ್ರು. ಸಂಜೀಕ ಬರಲಿಲ್ಲ. ಇವತ್ತು ಗುಡದಪ್ಪಣ್ಣನ ಸುದ್ದಿ ಹೇಳಾಕ ಸಾಹೇಬ್ರಿಗೆ ಫೋನ್ ಹಚ್ಚಿದಾಗ ಮತ್ತ ಶುರು ಆತು."

ಮೃಣಾಲಿನಿಯ ಪೆನ್ನು ನಿಂತಿತು.

"ಅದೇ ಹೊಸ ಫೋನಿನ್ಯಾಗ?"

"ಹೂಂ ರಿ."

*

ಹಾವೇರಿಯ ಕೋಣೆಯಲ್ಲಿ ಋಷಿಕೇಶ ನಗುನಗುತ್ತಲೇ ಕುರ್ಚಿ ತೋರಿಸಿದ. ಮೇಜಿನ ಮೇಲಿನ ಫೋನಿಗೆ ರಿಸೀವರೇ ಇರಲಿಲ್ಲ.

"ರಿಸೀವರಿನ ವಾಯರ್ ಕಿತ್ತು ತಿಂಗಳಾತ್ರಿ. ಸ್ಪೀಕರ್ ಮ್ಯಾಲೇ ಮಾತಾಡ್ತೀನಿ."

"ನಿನ್ನೆ ಸಂಜೀಕೂ?"

"ಹೌದ್ರಿ, ಇದರಿಂದಲೇ."

ಮೃಣಾಲಿನಿ ಆ ಫೋನಿನಿಂದ ಬ್ಯಾಡಗಿಗೆ ಕರೆ ಮಾಡಿದಳು.

"ಅರುಣಾ, ಏನರೆ ಮಾತಾಡು."

"ಬರಾಕತ್ತೈತ್ರಿ ಮೇಡಂ, ನನ್ನ ಮಾತು ನನಗ."

ಮೃಣಾಲಿನಿ ಸ್ಪೀಕರಿನ ಸದ್ದನ್ನು ತೀರಾ ಇಳಿಸಿ ಅದಕ್ಕೆ ಕಿವಿ ಹಚ್ಚಿದಳು. "ಈಗ?"

"ಹೋತ್ರಿ!"

ಸದ್ದು ಏರಿಸಿದಳು. "ಮತ್ತ ಬಂತ್ರಿ!" ಎಂದಳು ಅರುಣಾ.

"ನನಗ ಯಾವತ್ತೂ ಹಂಗ ಕೇಳಿಸಿಲ್ರಿ," ಎಂದ ಋಷಿಕೇಶ.

"ನಿಮಗ ಹೆಂಗ ಕೇಳಿಸ್ಬೇಕು? ಆಕಿ ಮಾತು ಈ ಸ್ಪೀಕರಿನಿಂದ ಹೊರಗ ಬರ್ತದ, ಇದರ ಮೈಕಿನ್ಯಾಗ ಹೊಕ್ಕು ಆಕಿ ಕಡೆ ವಾಪಸ್ ಹೋಗ್ತದ. ಕೆಟ್ಟದ್ದು ಈ ಫೋನು, ಕೇಳಿಸೂದು ಆಕಿಗೆ. ಎಲ್ಲಾರೂ ಆಕಿ ಫೋನನ್ನ ಬೈದ್ರಿ, ಬದಲೂ ಮಾಡಿದ್ರಿ. ಹಂಗಂದ್ರ ಇದರಿಂದ ಮಾತಾಡಿದಾಗೆಲ್ಲಾ ಆಕಿಗೆ ಪ್ರತಿಧ್ವನಿ ಬರಲೇಬೇಕು. ನಿನ್ನೆ ಸಂಜೀಕ ಮಾತ್ರ ಯಾಕ ಬರಲಿಲ್ಲ?"

ಋಷಿಕೇಶನ ನಗು ಮಾಯವಾಯಿತು.

"ನಿಮ್ಮ ಮೊಬೈಲ್ ಕೊಡ್ರಿ."

ಅವನು ಕೊಡಲಿಲ್ಲ. ಕಾನ್‌ಸ್ಟೇಬಲ್ ಮೈಲೇಶ ಇಸಿದುಕೊಂಡ. ಅದರ ಆಪ್ ಒಂದರಲ್ಲಿ ಮೇಜಿನ ಫೋನಿನ ನಂಬರೇ ಕೂತಿತ್ತು. ಎಲ್ಲಿಂದ ಕರೆ ಮಾಡಿದರೂ ಹಾವೇರಿಯ ಕಚೇರಿಯಿಂದಲೇ ಬಂದಂತೆ ತೋರುತ್ತಿತ್ತು.

"ಮೊಬೈಲ್ ಕಿವಿಗೆ ಹಚ್ಚಿದ್ರಿ, ಅದಕ್ಕ ಪ್ರತಿಧ್ವನಿ ಇಲ್ಲ. ನೀವು ನಿಂತಿದ್ದು ಬ್ಯಾಡಗಿ ಆಫೀಸಿನ ಗೋಡೆ ಹಿಂದ. ಆಕಿ ಹಿತ್ತಲಿಗೆ ಬರಬಾರದು ಅಂತ ಫೋನಿಗೆ ಕಟ್ಟಿಹಾಕಿದ್ರಿ, ಬೀಗ ಜಡಿದ್ರಿ. ಒಳಗಿನ ಚೀಲ ಬಿಚ್ಚಿಸೀನಿ. ಮ್ಯಾಲ ಕೆಂಪು ಕಾಯಿ, ಕೆಳಗ ಬಣ್ಣ ಹೋದದ್ದು. ರೈತರು ಇಟ್ಟ ಚೊಲೋ ಮಾಲು ನೀವು ಸಾಗಿಸಿದ್ದು ಗುಡದಪ್ಪನ ಕಣ್ಣಿಗೆ ಬಿದ್ದಿತ್ತು. ನಿಮ್ಮ ಮೊಬೈಲ್ ನಿನ್ನೆ ಎಲ್ಲಿತ್ತು ಅನ್ನೂದನ್ನ ಟವರ್ ಹೇಳ್ತದ."

ಋಷಿಕೇಶ ಬಾಗಿಲ ಕಡೆ ನೋಡಿದ. ಅಲ್ಲಿ ಮೈಲೇಶ ನಿಂತಿದ್ದ.

"ಸಾಯ್ಲಿ ಅಂತ ಹಾಕಿದ್ದಲ್ರಿ," ಎಂದ, ದನಿ ಬಿದ್ದುಹೋಗಿತ್ತು. "ಬ್ಯಾರೆ ಮಾಲು ತಂದು ಚೀಲ ಸರಿ ಮಾಡೂತನಕ ಬಾಯಿ ಮುಚ್ಚಿಸ್ಬೇಕಿತ್ತು."

ಮೇಜಿನ ಫೋನು ಇನ್ನೂ ಚಾಲೂ ಇತ್ತು. ಮೃಣಾಲಿನಿಗೆ ಅದು ನೆನಪಾದದ್ದು ಅರುಣಾಳ ದನಿ ಬಂದಾಗ.

"ಮೇಡಂ... ಹಂಗಾರ ನಾ ಹೋಲ್ಡ್ ಹಿಡಕೊಂಡು ಕುಂತಾಗ ಅಣ್ಣ ಬಾಗ್ಲಾ ಬಡ್ಯಾಕತ್ತಿದ್ನೇನ್ರಿ?"

ಮೃಣಾಲಿನಿ ಫೋನಿನತ್ತ ಬಗ್ಗಿದಳು. ಸುಳ್ಳು ಹೇಳಬೇಕೆನಿಸಿತು, ಆಗಲಿಲ್ಲ.

"ಹೌದು, ಅರುಣಾ. ನಿಂದೇನೂ ತಪ್ಪಿಲ್ಲ. ಈಗ ಮನೀಗೆ ಹೋಗು, ಯಾರೂ ತಡಿಯೂದಿಲ್ಲ."

"ಮನೀಗೆ ಆಮ್ಯಾಲ ಹೋಗ್ತೇನ್ರಿ. ಮೊದ್ಲ ದವಾಖಾನಿಗೆ."

ಅವಳು ರಿಸೀವರನ್ನು ಮೇಜಿನ ಮೇಲೇ ಬಿಟ್ಟು ಓಡಿದಳು. ಹಾವೇರಿಯ ಸ್ಪೀಕರಿನಲ್ಲಿ ಅವಳ ಚಪ್ಪಲಿಯ ಸದ್ದು ಗೇಟಿನವರೆಗೂ ಕೇಳಿಸಿತು.