ಹತ್ತು ಪಟ್ಟು ಔಷಧಿ

ಮಾರ್ಚ್ 12, ಬೆಳಿಗ್ಗೆ 10.15. ಆಸ್ಪತ್ರೆಯ ಪರವಾಗಿ ಅಲ್ಲಿನ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಠಾಣೆಗೆ ದೂರು ತಂದ. ನರ್ಸ್ ನಿರ್ಲಕ್ಷ್ಯದಿಂದ ನಾಲ್ಕು ವರ್ಷದ ಹುಡುಗಿಗೆ ಹತ್ತು ಪಟ್ಟು ಔಷಧಿ ಚುಚ್ಚಿದ್ದಾಳೆ, ಮಗುವಿಗೆ ಪ್ರಜ್ಞೆಯಿಲ್ಲ ಎಂದು ಅದರಲ್ಲಿತ್ತು. ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ದಫೇದಾರನೊಂದಿಗೆ ಆಸ್ಪತ್ರೆಗೆ ಹೊರಟ.

ನರ್ಸನ್ನು ಒಂದು ಕೋಣೆಯಲ್ಲಿ ಕೂರಿಸಿದ್ದರು.

“ಆರು ಎಂ.ಎಲ್. ಜಾಸ್ತಿ ಅನ್ನಿಸ್ಲಿಲ್ವಾ?” ಇನ್‌ಸ್ಪೆಕ್ಟರ್ ಕೇಳಿದ.

“ಅನ್ನಿಸ್ತು ಸಾರ್. ಔಷಧಿ ವಿಭಾಗಕ್ಕೆ ಫೋನ್ ಮಾಡ್ದೆ. ಕಂಪ್ಯೂಟರ್ ಹಾಕಿದ ಲೆಕ್ಕ, ಸುಮ್ನೆ ಕೊಡಿ ಅಂದ್ರು. ಕಂಪ್ಯೂಟರಿಂದ ಬಂದ ಚೀಟಿ ಇಟ್ಕೊಂಡಿದೀನಿ.”

ಚೀಟಿಯಲ್ಲಿ 6 ಎಂದೇ ಇತ್ತು, ಸಮಯ ಬೆಳಿಗ್ಗೆ 6.30. ಆದರೆ ಔಷಧಿ ವಿಭಾಗದ ಕಂಪ್ಯೂಟರ್ ಅದೇ ಮಗುವಿನ ತೂಕಕ್ಕೆ ಈಗ 0.6 ತೋರಿಸಿತು.

“ಚೀಟಿ ಅವಳೇ ತಿದ್ದಿರ್ಬೇಕು,” ಎಂದ ಮುಖ್ಯಸ್ಥ.

ಮಧ್ಯಾಹ್ನ 1.20ಕ್ಕೆ ಪೊಲೀಸ್ ಇಲಾಖೆಯ ಕಂಪ್ಯೂಟರ್ ತಜ್ಞೆ ಬಂದರು. ಔಷಧಿ ಲೆಕ್ಕದ ಪ್ರೋಗ್ರಾಂ, ದಾಸ್ತಾನಿನ ಪ್ರೋಗ್ರಾಂ ಎರಡೂ ಲೆಕ್ಕದ ಸೂತ್ರಗಳಿರುವ ಒಂದೇ ಲೈಬ್ರರಿ ಫೈಲನ್ನು ನೆಚ್ಚಿಕೊಂಡಿದ್ದವು. ಔಷಧಿ ಲೆಕ್ಕಕ್ಕೆ ಅದರ ಹೊಸ ಆವೃತ್ತಿ ಬೇಕು, ದಾಸ್ತಾನಿಗೆ ಹಳೆಯದು. ದಾಸ್ತಾನಿನದು ಕೆಟ್ಟಿತೆಂದು ಹಿಂದಿನ ಸಂಜೆ ಯಾರೋ ಹಳೆಯದನ್ನು ತಂದು ಹೊಸದರ ಮೇಲೆ ಹಾಕಿದ್ದರು. ಇವತ್ತು 7.50ಕ್ಕೆ ಮತ್ತೆ ಹೊಸದು ಬಂದಿತ್ತು. ಎರಡು ಸಲವೂ ಮುಖ್ಯಸ್ಥನ ಲಾಗಿನ್.

ಪಂಚರೆದುರು ತಜ್ಞೆ ಹಳೆಯ ಫೈಲ್ ಹಾಕಿದರು. ದಶಮಾಂಶದ ಚುಕ್ಕಿ ಮಾಯವಾಗಿ ಪರದೆಯ ಮೇಲೆ 6 ಮೂಡಿತು. ಪಂಚನಾಮೆ ಮುಗಿಯಿತು.

“ಎರಡನ್ನೂ ಬೇರೆ ಬೇರೆ ಫೋಲ್ಡರ್‌ನಲ್ಲಿ ಇಡಬಹುದಿತ್ತಲ್ಲ?” ಇನ್‌ಸ್ಪೆಕ್ಟರ್ ಕೇಳಿದ.

“ಇಡಬಹುದಿತ್ತು. ಅರ್ಧ ದಿನದ ಕೆಲಸ.”

“7.50ಕ್ಕೆ ತಪ್ಪು ಗೊತ್ತಾಯ್ತು. ಡಾಕ್ಟರಿಗೆ ಹೇಳಿದ್ಯಾ?”

ಇನ್‌ಸ್ಪೆಕ್ಟರ್ ಮುಖ್ಯಸ್ಥನ ಎದುರು ಬಂದು ನಿಂತ.

“ಔಷಧಿ ಹೆಚ್ಚಾಗಿದ್ದು ರಕ್ತ ಪರೀಕ್ಷೆಯಲ್ಲಿ ಗೊತ್ತಾದಾಗ ಒಂಬತ್ತೂವರೆ. ಅಲ್ಲೀವರೆಗೂ ಡಾಕ್ಟರು ಕತ್ತಲಲ್ಲಿ ತಡಕಾಡಿದ್ರು. ಅದನ್ನ ಇಳಿಸೋ ಮದ್ದು ಇತ್ತು, ಏನಕ್ಕೆ ಕೊಡ್ಬೇಕು ಅಂತ ಗೊತ್ತಿರ್ಲಿಲ್ಲ. ನೀನು ಪಕ್ಕದ ಕೋಣೇಲಿ ಫೈಲ್ ಬದಲಾಯಿಸ್ತಾ ಕೂತಿದ್ದೆ.” ಇನ್‌ಸ್ಪೆಕ್ಟರ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ,” ದಫೇದಾರ ಹಲ್ಲು ಕಡಿದ. “ಆ ಮಗು ತಾಯಿ ಮುಂದೆ ಬಾ, ಅಲ್ಲಿ ಹೇಳು.”

ಸಂಜೆ 4.40ಕ್ಕೆ ಬಂಧನವಾಯಿತು. ಆರಕ್ಕೆ ಮಗು ಕಣ್ಣು ಬಿಟ್ಟು ಅಮ್ಮನನ್ನು ಗುರುತಿಸಿತು. ಎಡಗೈ ಮಾತ್ರ ಅಲುಗಲಿಲ್ಲ.

ಆರೋಪಿಯ ಹೇಳಿಕೆ ಅರ್ಧ ಪುಟ. ಹನ್ನೆರಡು ವರ್ಷದಲ್ಲಿ ತನ್ನ ವಿಭಾಗದ ಮೇಲೆ ಒಂದು ದೂರೂ ಬಂದಿರಲಿಲ್ಲ, ಅದನ್ನು ಹಾಗೇ ಉಳಿಸಿಕೊಳ್ಳಬೇಕೆನ್ನಿಸಿತು ಎಂದು ಬರೆಸಿ ಅವನು ಸಹಿ ಹಾಕಿದ.